ಶುಶ್ರೂಷೆಯ ಕಥನವಾಗಿ ಶ್ರೀಪಾಲಚರಿತೆ: ಕಲ್ಲಹಳ್ಳಿಯ ಮಂಗರಸನ ಕಾವ್ಯವಸ್ತುವಿನ ಮರು ಓದು

ರೋಗದಿಂದ ನೊಂದ ಅರಸು ಮನೆತನದ ಗಂಡು, ಅವನ ಆರೈಕೆಗೆ ನಿಂತ ಹೆಣ್ಣು, ಆರೈಕೆಯ ನಡುವೆ ಮೂಡುವ ಒಲವು: ಈ ಮೂರು ಎಳೆಗಳ ಕಥೆಯನ್ನು ಆಧುನಿಕ ಕಾದಂಬರಿಯ ಸೃಷ್ಟಿಯೆಂದು ಭಾವಿಸುವುದು ವಾಡಿಕೆ. 1847ರಲ್ಲಿ ಪ್ರಕಟವಾದ ಷಾರ್ಲಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿಯ ಕೊನೆಯಲ್ಲಿ ಕುರುಡನಾದ ರೋಚೆಸ್ಟರನ ಕೈಹಿಡಿಯುವ ಜೇನ್ ಈ ಮಾದರಿಗೆ ಮಾದರಿ ಎನಿಸಿದ್ದಾಳೆ. ಆದರೆ ಇದಕ್ಕೆ ಮೂರು ಶತಮಾನಕ್ಕೂ ಹಿಂದೆ, ಇಂದಿನ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವೊಬ್ಬ ಇಂಥದೇ ವಸ್ತುವನ್ನು ಕನ್ನಡ ಸಾಂಗತ್ಯಕ್ಕೆ ತಂದಿದ್ದನು. ಮೂರನೆಯ ಮಂಗರಸನ ‘ಶ್ರೀಪಾಲಚರಿತೆ’ಯೇ ಆ ಕೃತಿ. ಜೈನ ವ್ರತಕಥೆ ಎಂಬ ಹಣೆಪಟ್ಟಿಯ ಕೆಳಗೆ ಅದನ್ನು ಇರಿಸಿಬಿಟ್ಟಿರುವುದರಿಂದ, ಅದರ ಒಡಲಲ್ಲಿರುವ ಶುಶ್ರೂಷೆಯ ಕಥನದ ಕಡೆಗೆ ವಿದ್ವತ್ತಿನ ಗಮನ ಸಾಕಷ್ಟು ಹರಿದಿಲ್ಲ. ಕಥಾವಸ್ತುವಿನ ಆ ಮಗ್ಗುಲನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಂಗರಸನ ಕಾಲ 16ನೆಯ ಶತಮಾನದ ಆರಂಭ. ವಿಷವೈದ್ಯಕ್ಕೆ ಸಂಬಂಧಿಸಿದ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ ಮಂಗರಾಜನೂ ನಿಘಂಟುಕಾರ ಮಂಗರಾಜನೂ ಇವನಿಗಿಂತ ಹಿಂದಿನವರು, ಬೇರೆಯವರು. ಕಲ್ಲಹಳ್ಳಿಯ ಮಂಗರಸನು ಚೆಂಗಾಳ್ವ ಅರಸರ ಸಚಿವರ ಕುಲದಲ್ಲಿ ಹುಟ್ಟಿದವನು; ‘ಜಯನೃಪಕಾವ್ಯ’, ‘ಪ್ರಭಂಜನಚರಿತೆ’, ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’, ‘ಸೂಪಶಾಸ್ತ್ರ’ಗಳು ಇವನ ಇತರ ಕೃತಿಗಳು. ಊರಾಳುವ ಮನೆತನದವನೊಬ್ಬ ಹಿಟ್ಟಿನ ತಿನಿಸು, ಪಾನಕ, ಅನ್ನ, ಬದನೆಕಾಯಿಯ ಅಡುಗೆಗಳನ್ನು ಕುರಿತು ವಾರ್ಧಕ ಷಟ್ಪದಿಯಲ್ಲಿ ಗ್ರಂಥ ಬರೆದನೆಂಬುದು ಸಣ್ಣ ಸಂಗತಿಯೇನಲ್ಲ. ಅಡುಗೆಮನೆಯನ್ನು ಕಾವ್ಯದ ಹೊರಗಿನದೆಂದು ಬಗೆಯದ ಕವಿ ರೋಗಿಯ ಹಾಸಿಗೆಯನ್ನೂ ಹಾಗೆ ಬಗೆಯಲಿಲ್ಲ ಎಂದಷ್ಟೇ ಇಲ್ಲಿ ಹೇಳಿದರೆ ಸಾಕು. ಅದಕ್ಕಿಂತ ಹೆಚ್ಚಿನ ನಂಟನ್ನು ಎಳೆಯಬೇಕಾಗಿಲ್ಲ. ಮುಖ್ಯಮಂತ್ರಿಯಾಗಿದ್ದ ಡಿ. ದೇವರಾಜ ಅರಸು ಅವರ ಊರೆಂದು ಇಂದು ಹೆಚ್ಚು ಪರಿಚಿತವಾಗಿರುವ ಕಲ್ಲಹಳ್ಳಿಗೆ ಹೀಗೊಂದು ಹಳೆಯ ಸಾಹಿತ್ಯಕ ವಿಳಾಸವಿದೆ.

ಈ ಸೀಮೆಯ ಜೈನ ಪರಿಸರವನ್ನು ನೆನೆಯದೆ ಮಂಗರಸನ ವಸ್ತುವಿನ ಆಯ್ಕೆ ಅರ್ಥವಾಗದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು ಪುನ್ನಾಟದ ರಾಜಧಾನಿಯಾಗಿದ್ದ ಕೀರ್ತಿಪುರ. 783ರಲ್ಲಿ ಸಂಸ್ಕೃತ ‘ಹರಿವಂಶಪುರಾಣ’ವನ್ನು ಮುಗಿಸಿದ ಜಿನಸೇನನೂ 10ನೆಯ ಶತಮಾನದ ‘ಬೃಹತ್ಕಥಾಕೋಶ’ದ ಹರಿಷೇಣನೂ ಪುನ್ನಾಟ ಸಂಘದ ಮುನಿಗಳು. ಹನಸೋಗೆ, ಅಂದರೆ ಶಾಸನಗಳ ಪನಸೋಗೆ, ಬಸದಿಗಳ ನೆಲೆ. ದೇಶೀಗಣದ ಪುಸ್ತಕಗಚ್ಛದ ಒಂದು ಶಾಖೆ ಈ ಊರಿನ ಹೆಸರನ್ನೇ ಹೊತ್ತಿದೆ. 11ನೆಯ ಶತಮಾನದಲ್ಲಿ ಅಲ್ಲಿಯ ಬಸದಿಯನ್ನು ಪುನರ್ನಿರ್ಮಿಸಿದವನು ನನ್ನಿ ಚೆಂಗಾಳ್ವ. ಮುಂದೆ ಚೆಂಗಾಳ್ವರು ಶೈವರಾದರು. ಬೆಟ್ಟದಪುರದ ಮಲ್ಲಿಕಾರ್ಜುನ ಅವರ ಕುಲದೈವವಾಯಿತು. ಮಂಗರಸನ ಹೊತ್ತಿಗೆ ಅರಸರು ಶೈವರು, ಸಚಿವ ಕುಲದ ಈ ಕವಿ ಜೈನ. ಅರಸನ ಮಾತಿಗೆ ತಲೆಬಾಗಿಯೂ ತನ್ನ ನಂಬಿಕೆಯನ್ನು ಬಿಡದ ಅರಸುಮಗಳೊಬ್ಬಳ ಕಥೆ ಇಂಥ ಮನೆಯ ಕವಿಯನ್ನು ಸೆಳೆದುದು ಸಹಜವೆಂದು ತೋರುತ್ತದೆ. ಇದು ಊಹೆ, ಆದರೆ ನೆಲೆಯಿಲ್ಲದ ಊಹೆಯಲ್ಲ.

ದಿಗಂಬರ ಪರಂಪರೆಯಲ್ಲಿ ಮಂಗರಸನ ಕಾಲಕ್ಕಾಗಲೇ ಬೇರೂರಿದ್ದ ಕಥೆಯ ಚೌಕಟ್ಟು ಹೀಗಿದೆ. ಚಂಪಾಪುರದ ಅರಸ ಶ್ರೀಪಾಲನಿಗೆ ಕುಷ್ಠರೋಗ ತಗಲುತ್ತದೆ. ಅವನ ಏಳುನೂರು ಮಂದಿ ಭಟರಿಗೂ ಅದೇ ಗತಿ. ದುರ್ವಾಸನೆಯನ್ನು ತಾಳಲಾರದ ಪುರಜನರು ದೂರಿದಾಗ, ಅವನು ರಾಜ್ಯವನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಪರಿವಾರದೊಡನೆ ಕಾಡು ಸೇರುತ್ತಾನೆ. ಅತ್ತ ಉಜ್ಜಯಿನಿಯ ಅರಸನು ತನ್ನ ಮಗಳು ಮದನಸುಂದರಿಯನ್ನು, ಉತ್ತರದ ಜೈನರ ಬಾಯಲ್ಲಿ ಮೈನಾಸುಂದರಿಯನ್ನು, ಇಷ್ಟದ ವರನನ್ನು ಹೇಳೆಂದು ಕೇಳುತ್ತಾನೆ. ವರನನ್ನು ತಾನಾಗಿ ಬೇಡುವುದು ಕುಲವಧುವಿಗೆ ತಕ್ಕುದಲ್ಲ, ಸುಖದುಃಖಗಳು ಅವರವರ ಕರ್ಮವನ್ನು ಅನುಸರಿಸುತ್ತವೆ ಎಂದು ಅವಳು ಉತ್ತರಿಸುತ್ತಾಳೆ. ತನ್ನ ಕೊಡುಗೈಯನ್ನು ಮಗಳು ಅಲ್ಲಗಳೆದಳೆಂದು ಕೆರಳಿದ ಅರಸ, ಊರ ಹೊರಗೆ ಬೀಡುಬಿಟ್ಟಿದ್ದ ಕುಷ್ಠರೋಗಿಗೆ ಅವಳನ್ನು ಧಾರೆಯೆರೆಯುತ್ತಾನೆ. ಅವಳು ರೋಗಿಯ ಸೇವೆಗೆ ನಿಲ್ಲುತ್ತಾಳೆ. ಮುನಿಯ ಉಪದೇಶದಂತೆ ಅಷ್ಟಾಹ್ನಿಕದ ದಿನಗಳಲ್ಲಿ ಸಿದ್ಧಚಕ್ರವನ್ನು ಪೂಜಿಸಿ, ಗಂಧೋದಕವನ್ನು ಗಂಡನ ಮೇಲೂ ಏಳುನೂರು ಮಂದಿಯ ಮೇಲೂ ಸಿಂಪಡಿಸುತ್ತಾಳೆ. ಎಲ್ಲರೂ ಗುಣಮುಖರಾಗುತ್ತಾರೆ. ಕಥೆ ಇಲ್ಲಿಗೆ ನಿಲ್ಲದೆ ಬಹುದೂರ ಸಾಗುತ್ತದೆ.

ಈ ಕಥೆಗೆ ಎರಡು ಓದುಗಳು ರೂಢಿಯಲ್ಲಿವೆ. ಮೊದಲನೆಯದು ಸಿದ್ಧಚಕ್ರದ ಮಹಿಮೆಯ ಓದು. ಬಸದಿಗಳಲ್ಲಿ ಇಂದಿಗೂ ನಡೆಯುವ ಆರಾಧನೆಗೆ ಈ ಕಥೆಯೇ ಆಧಾರವಾದ್ದರಿಂದ ಅದನ್ನು ಬದಿಗೊತ್ತುವಂತಿಲ್ಲ. ಎರಡನೆಯದು ಪಾತಿವ್ರತ್ಯದ ಓದು. ಮದನಸುಂದರಿಯನ್ನು ಸತೀಶಿರೋಮಣಿಯರ ಸಾಲಿನಲ್ಲಿ ನಿಲ್ಲಿಸಿ ಕೈತೊಳೆದುಕೊಳ್ಳುವ ಕ್ರಮ. ಈ ಎರಡನೆಯ ಓದಿಗೆ ಕಥೆಯೇ ಒಂದು ಅಡ್ಡಿಯನ್ನು ಒಡ್ಡುತ್ತದೆ. ಆ ಏಳುನೂರು ಮಂದಿ ಯಾರು? ಗಂಡನೊಬ್ಬನ ಸೇವೆಯೇ ಕಥೆಯ ಗುರಿಯಾಗಿದ್ದರೆ ಅವರ ಅಗತ್ಯವೇ ಇರಲಿಲ್ಲ. ಪತಿಗೆ ಸಲ್ಲುವ ಗಂಧೋದಕವೇ ಅವರಿಗೂ ಸಲ್ಲುತ್ತದೆ. ಅರಸಿಯೊಬ್ಬಳು ಹೆಸರಿಲ್ಲದ ಭಟರ ಹುಣ್ಣಿನ ಮೈಗಳ ನಡುವೆ ಹಾದುಹೋಗುವ ಆ ದೃಶ್ಯವನ್ನು ಪಾತಿವ್ರತ್ಯ ಎಂಬ ಒಂದು ಪದದಿಂದ ವಿವರಿಸಲಾಗದು.

ಅದಕ್ಕೆ ತಕ್ಕ ಪರಿಭಾಷೆ ಜೈನ ಶಾಸ್ತ್ರದಲ್ಲಿಯೇ ಇದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದು ನಿರ್ವಿಚಿಕಿತ್ಸೆ, ಅಂದರೆ ದೇಹದ ಅಶುಚಿಯನ್ನು ಕಂಡು ಹೇಸದಿರುವುದು. ಸಮಂತಭದ್ರರ ‘ರತ್ನಕರಂಡಕ’ವು ಇದಕ್ಕೆ ಉದ್ದಾಯನ ರಾಜನನ್ನು ನಿದರ್ಶನವಾಗಿ ಹೆಸರಿಸುತ್ತದೆ, ರೋಗಿಯಾದ ಮುನಿಯ ವಮನವನ್ನೂ ಹೇಸದೆ ತೊಳೆದವನು ಅವನೆಂದು ಕಥೆ. ಇನ್ನೊಂದು ವೈಯಾವೃತ್ಯ. ಅಂತರಂಗ ತಪಸ್ಸಿನ ಆರು ಬಗೆಗಳಲ್ಲಿ ಸೇರಿರುವ ಇದರ ತಿರುಳು ಬಳಲಿದವರ, ರೋಗಿಗಳಾದವರ ಸೇವೆ. ಇದು ಪ್ರಧಾನವಾಗಿ ಮುನಿಗಳಿಗೆ ಸಲ್ಲುವ ಸೇವೆಯೆಂಬುದು ನಿಜ. ಆದರೆ ಮದನಸುಂದರಿಯ ಕಥೆ ಅದನ್ನು ಗೃಹಸ್ಥರ ಲೋಕಕ್ಕೆ, ಅದರಲ್ಲೂ ಊರಿನಿಂದ ಹೊರದೂಡಿಸಿಕೊಂಡವರ ಬೀಡಿಗೆ ತರುತ್ತದೆ. ಸಮ್ಯಕ್ತ್ವ ತಮಗೆ ಹೇಗೆ ದೊರೆಯಿತೆಂದು ಒಬ್ಬೊಬ್ಬರಾಗಿ ಹೇಳಿಕೊಳ್ಳುವ ಕಥೆಗಳ ಮಾಲೆಯಾದ ‘ಸಮ್ಯಕ್ತ್ವಕೌಮುದಿ’ಯನ್ನು ಕನ್ನಡಿಸಿದ ಕವಿಗೆ ಈ ಪರಿಭಾಷೆ ಹೊಸದಾಗಿರಲಾರದು. ಚಿಕಿತ್ಸೆ, ವಿಚಿಕಿತ್ಸೆಗಳೆರಡೂ ಒಂದೇ ಧಾತುವಿನಿಂದ ಬಂದವು ಎಂಬುದನ್ನೂ ಇಲ್ಲಿ ಗಮನಿಸಬಹುದು. ಹೇಸಿಗೆಯನ್ನು ಗೆಲ್ಲದೆ ಚಿಕಿತ್ಸೆಯಿಲ್ಲ ಎಂಬುದನ್ನು ವೈಯಾಕರಣರು ಉದ್ದೇಶಿಸಿರಲಿಕ್ಕಿಲ್ಲ, ಆದರೆ ಕಥೆ ಉದ್ದೇಶಿಸಿದೆ.

ಕನ್ನಡ ಜೈನ ಸಾಹಿತ್ಯದ ಇತರ ರೋಗಿಗಳ ಪಕ್ಕದಲ್ಲಿ ಇರಿಸಿದಾಗ ಶ್ರೀಪಾಲನ ವೈಶಿಷ್ಟ್ಯ ಇನ್ನೂ ಸ್ಪಷ್ಟವಾಗುತ್ತದೆ. ‘ವಡ್ಡಾರಾಧನೆ’ಯ ಸನತ್ಕುಮಾರ ಚಕ್ರವರ್ತಿ ಅಪ್ರತಿಮ ಸುಂದರ, ತಪಸ್ಸಿಗೆ ನಿಂತ ಮೇಲೆ ಅವನ ಮೈಯನ್ನು ರೋಗಗಳು ಮುತ್ತುತ್ತವೆ. ವೈದ್ಯನ ವೇಷದಲ್ಲಿ ಬಂದ ದೇವನು ಗುಣಪಡಿಸುತ್ತೇನೆಂದಾಗ ಅವನು ಕೇಳುವುದು ಸಂಸಾರವೆಂಬ ವ್ಯಾಧಿಗೆ ಮದ್ದನ್ನು. ಮೈಯ ರೋಗಕ್ಕೆ ಆರೈಕೆ ಅಲ್ಲಿ ಬೇಕಾಗಿಯೇ ಇಲ್ಲ. ರೋಗಿಯ ಘನತೆ ಇರುವುದು ಚಿಕಿತ್ಸೆಯನ್ನು ನಿರಾಕರಿಸುವುದರಲ್ಲಿ. ಶ್ರೀಪಾಲನಾದರೋ ಆರೈಕೆಯನ್ನು ಒಪ್ಪುತ್ತಾನೆ. ಒಪ್ಪಿದ್ದರಿಂದ ಅವನ ಘನತೆ ಕುಂದಿತೆಂದು ಕಥೆ ಎಲ್ಲಿಯೂ ಸೂಚಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಯಶೋಧರನ ಕಥೆಯಿದೆ. ಜನ್ನನ ಅಮೃತಮತಿಯೂ ಅರಸಿ. ವಿಕಾರ ದೇಹದ ಅಷ್ಟಾವಂಕನ ಬಳಿಗೆ ಅವಳೂ ಹೇಸದೆ ಹೋಗುತ್ತಾಳೆ. ಒಬ್ಬಳನ್ನು ಒಯ್ಯುವುದು ಕಾಮ, ಇನ್ನೊಬ್ಬಳನ್ನು ನಿಲ್ಲಿಸುವುದು ಕರುಣೆ ಎಂದು ಬೇರ್ಪಡಿಸುವುದು ಸುಲಭ. ಯಶೋಧರ ಕಥಾಪರಂಪರೆಯಲ್ಲಿ ಅಮೃತಮತಿಗೆ ಕೊನೆಗೆ ಕುಷ್ಠರೋಗವೇ ಬರುತ್ತದೆಂಬುದನ್ನು, ಆಗ ಅವಳ ಬಳಿ ನಿಲ್ಲುವ ಮದನಸುಂದರಿಯೊಬ್ಬಳನ್ನು ಪರಂಪರೆ ಕಲ್ಪಿಸಿಕೊಳ್ಳಲಿಲ್ಲವೆಂಬುದನ್ನು ಮರೆಯಬಾರದು. ಹೆಣ್ಣು ರೋಗಿಯಾದಾಗ ಆರೈಕೆಯ ಕಥೆ ಹುಟ್ಟುವುದಿಲ್ಲ. ಪಾಪಫಲದ ಕಥೆ ಹುಟ್ಟುತ್ತದೆ.

ಶ್ರೀಪಾಲನ ರೋಗಕ್ಕೂ ಪೂರ್ವಜನ್ಮದ ಕಾರಣವನ್ನು ಕಥೆ ಕೊಡುತ್ತದೆ. ಹಿಂದೆ ಅರಸನಾಗಿದ್ದಾಗ ಮುನಿಯೊಬ್ಬನನ್ನು ಅವನು ಕುಷ್ಠನೆಂದು ಹೀಯಾಳಿಸಿದ್ದನು. ಜೊತೆಯ ಏಳುನೂರು ಮಂದಿ ಅದಕ್ಕೆ ದನಿಗೂಡಿಸಿದ್ದರು. ಅಂದು ಅವನಲ್ಲಿ ಪಶ್ಚಾತ್ತಾಪವನ್ನು ಮೂಡಿಸಿದವಳೂ ಅವನ ಹೆಂಡತಿಯೇ. ಇಲ್ಲಿ ರೋಗವಾಗಿ ಮರಳಿ ಬಂದುದು ಬೈಗುಳ. ರೋಗಿಯನ್ನು ಹಳಿಯುವ ನಾಲಗೆಯೇ ರೋಗದ ಬೀಜ ಎಂಬ ಈ ಗ್ರಹಿಕೆ ಕರ್ಮಸಿದ್ಧಾಂತದ ಸಾಮಾನ್ಯ ಬಳಕೆಗಿಂತ ಸೂಕ್ಷ್ಮವಾದುದು. ಪ್ರಾಕೃತದಲ್ಲಿ ರತ್ನಶೇಖರಸೂರಿ ಹೇಳುವ ಶ್ವೇತಾಂಬರ ರೂಪದಲ್ಲಿ ಇನ್ನೊಂದು ವಿವರವಿದೆ: ದಾಯಾದಿಯ ಕೈಯಿಂದ ತಪ್ಪಿಸಿಕೊಂಡ ತಾಯಿಮಗನಿಗೆ ಆಸರೆ ಕೊಟ್ಟವರು ಕುಷ್ಠರೋಗಿಗಳ ಗುಂಪಿನವರೇ, ಬಾಲಕನಿಗೆ ರೋಗ ಬಂದುದು ಆ ಆಸರೆಯಲ್ಲಿ. ಅಲ್ಲಿ ಮೊದಲ ಶುಶ್ರೂಷಕರು ರೋಗಿಗಳೇ ಆಗಿದ್ದಾರೆ.

ಆಯುರ್ವೇದದ ‘ಕುಷ್ಠ’ ಹಲವು ಚರ್ಮರೋಗಗಳಿಗೆ ಸಲ್ಲುವ ಹೆಸರು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಗುರುತಿಸಿದ ರೋಗಾಣುವಿನ ಕಾಯಿಲೆಗೆ ಅದನ್ನು ನೇರವಾಗಿ ಸಮೀಕರಿಸುವುದು ತಪ್ಪಾಗುತ್ತದೆ. ಆದರೆ ಬಹಿಷ್ಕಾರದ ಇತಿಹಾಸಕ್ಕೆ ಈ ಭೇದ ತಿಳಿದಿರಲಿಲ್ಲ. ಭಾರತದಲ್ಲಿ 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದುದು 2016ರಲ್ಲಿ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿದ್ದ ವಿಧಿಯನ್ನು ಹಿಂದೂ ವಿವಾಹ ಕಾಯಿದೆಯೂ ಸೇರಿದಂತೆ ವಿವಾಹ ಕಾನೂನುಗಳಿಂದ ತೆಗೆದುಹಾಕಿದುದು 2019ರಲ್ಲಿ. ಬಹು ಔಷಧ ಚಿಕಿತ್ಸೆಯಿಂದ ರೋಗ ಪೂರ್ಣ ವಾಸಿಯಾಗುತ್ತದೆಂಬುದು 1980ರ ದಶಕದಿಂದಲೇ ತಿಳಿದಿದ್ದ ವಿಷಯ. ತರಗತಿಯಲ್ಲಿ ಮದನಸುಂದರಿಯನ್ನು ಪತಿಭಕ್ತಿಯ ಮಾದರಿಯೆಂದು ಕೊಂಡಾಡುವ ಅಧ್ಯಾಪಕರು, ಅವಳು ಯಾವ ಹೇಸಿಗೆಯನ್ನು ದಾಟಿದಳೋ ಅದನ್ನು ಕಾನೂನು ದಾಟಲು ಎಷ್ಟು ಕಾಲ ಹಿಡಿಯಿತೆಂಬುದನ್ನೂ ಹೇಳಬೇಕಾಗುತ್ತದೆ.

ಇನ್ನು ಗುಣಮುಖನಾದ ಅರಸನ ಪ್ರಶ್ನೆ. ಸಾಮಾನ್ಯ ಪ್ರಣಯಕಥೆ ಮುಗಿಯುವ ಜಾಗದಲ್ಲಿ ಶ್ರೀಪಾಲನ ಕಥೆ ಹೊಸ ತೊಡಕಿಗೆ ತೆರೆದುಕೊಳ್ಳುತ್ತದೆ. ರೋಗ ಹೋಯಿತು, ಆದರೆ ಉಜ್ಜಯಿನಿಯ ಜನ ಅವನನ್ನು ಗುರುತಿಸುವುದು ಅರಸನ ಅಳಿಯನೆಂದು. ಆ ಹೆಸರು ಅವನಿಗೆ ಸಲ್ಲದು. ಸ್ವಂತ ಹೆಸರನ್ನು ಗಳಿಸಲು ಹೊರಟವನು ಮರಳುವ ಅವಧಿ ಹನ್ನೆರಡು ವರ್ಷ. ಧವಳನೆಂಬ ವರ್ತಕನ ಹಡಗು, ರತ್ನಮಂಜೂಷೆಯೊಡನೆ ಮದುವೆ, ಅವಳಿಗಾಗಿ ಆಸೆಪಟ್ಟ ಧವಳನು ಅವನನ್ನು ಕಡಲಿಗೆ ತಳ್ಳುವುದು, ಈಜಿ ದಡ ಸೇರಿ ಮತ್ತೆ ಮತ್ತೆ ಮದುವೆಯಾಗುವುದು: ಈ ಭಾಗದ ಸಾಹಸಗಳು ಕಥೆ ಕೇಳುವವರಿಗೆ ಹಬ್ಬವಾದರೂ ವಿವರಣೆಯನ್ನು ಬೇಡುವುದಿಲ್ಲ. ಬೇಡುವುದು ಉಜ್ಜಯಿನಿಯಲ್ಲಿ ಉಳಿದವಳ ಸ್ಥಿತಿ. ರೋಗಿಯಾಗಿದ್ದಾಗ ಅವನಿಗೆ ಅವಳೊಬ್ಬಳೇ. ಆರೋಗ್ಯವಂತನಾದ ಮೇಲೆ ಅವನಿಗೆ ಲೋಕವೆಲ್ಲ ಬೇಕು. ಆರೈಕೆಯಿಂದ ಹುಟ್ಟಿದ ಒಲವಿನ ಈ ಅಸಮತೆಯನ್ನು ಕಥೆ ಮುಚ್ಚಿಡುವುದಿಲ್ಲ.

ಇದೇ ಅಸಮತೆಯನ್ನು ಬೇರೊಂದು ಬಗೆಯಲ್ಲಿ ಎದುರಿಸಿದ ಆಧುನಿಕ ಕೃತಿ ತ್ರಿವೇಣಿಯವರ ‘ಬೆಳ್ಳಿ ಮೋಡ’. ಅದನ್ನು 1967ರಲ್ಲಿ ತೆರೆಗೆ ತಂದ ಪುಟ್ಟಣ್ಣ ಕಣಗಾಲರ ಹುಟ್ಟೂರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು, ಅಂದರೆ ಚೆಂಗಾಳ್ವರ ಸೀಮೆಯೇ. ಆಸ್ತಿ ಕೈತಪ್ಪಿದೊಡನೆ ತನ್ನನ್ನು ತೊರೆದ ಮೋಹನನನ್ನು ಇಂದಿರೆ ಅವನು ಗಾಯಗೊಂಡು ಮಲಗಿದಾಗ ಆರೈಕೆ ಮಾಡುತ್ತಾಳೆ. ಗುಣಮುಖನಾಗಿ ಅವನು ಕೈಚಾಚಿದಾಗ ಒಲ್ಲೆನೆನ್ನುತ್ತಾಳೆ. ಶುಶ್ರೂಷೆಗೂ ಒಲವಿಗೂ ನಡುವೆ ಅವಳು ಗೆರೆ ಎಳೆಯುತ್ತಾಳೆ. ತ್ರಿವೇಣಿಯವರಿಗೆ ಮಂಗರಸನಿಂದ ಪ್ರಭಾವವಾಯಿತೆಂದು ಹೇಳುವ ಉದ್ದೇಶ ಇಲ್ಲಿಲ್ಲ. ಆರೈಕೆ ಮಾಡಿದವಳಿಗೆ ಕೈಬಿಡುವ ಹಕ್ಕೂ ಇದೆ ಎಂಬ ಅರಿವು ಹಳೆಯ ಕಥೆಯಲ್ಲಿಯೂ ಇದೆಯೇ ಎಂದು ಹುಡುಕಲು ಇಂದಿರೆ ನೆರವಾಗುತ್ತಾಳೆ.

ಅದು ಇದೆ. ಬೀಳ್ಕೊಡುವಾಗಲೇ ಮದನಸುಂದರಿ ಒಂದು ಕರಾರು ಹಾಕುತ್ತಾಳೆ: ಹನ್ನೆರಡು ವರ್ಷ ತುಂಬಿದ ದಿನ ನೀನು ಬಾರದಿದ್ದರೆ ನಾನು ದೀಕ್ಷೆ ಪಡೆಯುತ್ತೇನೆ. ಕಾಯುವುದಕ್ಕೆ ಅವಳೊಂದು ಗಡಿ ಹಾಕಿದ್ದಾಳೆ. ಅವಧಿ ಮುಗಿಯುವ ಇರುಳು ಶ್ರೀಪಾಲ ಒಬ್ಬನೇ ಉಜ್ಜಯಿನಿಗೆ ಬರುತ್ತಾನೆ. ಒಳಗೆ ಮದನಸುಂದರಿ ಅತ್ತೆಯೊಡನೆ ಮಾತನಾಡುತ್ತಿದ್ದಾಳೆ. ಬೆಳಗಾದರೆ ದೀಕ್ಷೆ ಎಂಬ ನಿರ್ಧಾರ ಅವಳ ದನಿಯಲ್ಲಿದೆ. ‘ಶುಶ್ರೂಷೆ’ ಎಂಬ ಪದದ ಮೂಲಾರ್ಥ ಕೇಳುವ ಇಚ್ಛೆ. ಸೇವೆ, ಆರೈಕೆ ಎಂಬ ಅರ್ಥಗಳು ಆಮೇಲೆ ಬಂದವು. ಎಷ್ಟೋ ನಾಡುಗಳನ್ನು ಗೆದ್ದು ಬಂದ ಅರಸ, ಹಿಂದೊಮ್ಮೆ ತನ್ನ ಹುಣ್ಣುಗಳಿಗೆ ಹೇಸದಿದ್ದವಳ ಮಾತನ್ನು ಕದದ ಹೊರಗೆ ಕತ್ತಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ, ಆಮೇಲೆ ಒಳಗೆ ಬರುತ್ತಾನೆ.