ದೊಡ್ಡ ಮ್ಯಾಚಿಗೆ ಹೋಗುವ ಮುಂಚೆ

ಲಿವರ್‌ಪೂಲಿಗೆ ಓದಲು ಹೊರಟಿದ್ದೀಯ, ಸಂತೋಷ. ಕಾಲಿಟ್ಟ ಕೂಡಲೇ ಲಿವರ್‌ಪೂಲ್ ಕ್ಲಬ್ಬಿನ ಮೈದಾನ ಆನ್‌ಫೀಲ್ಡಿನಲ್ಲಿ ಕೂತು ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚ್ ನೋಡಿಬಿಡ್ತೀನಿ ಅಂದೆಯಲ್ಲ, ಅದಕ್ಕೇ ಈ ಕಾಗದ.

ಅಲ್ಲಿ ಸುಮಾರು 61,000 ಸೀಟುಗಳಿವೆ. ಆದರೂ ನಿನ್ನಂಥ ಹೊಸಬನಿಗೆ ಉಳಿಯುವುದು ಬಹಳ ಕಮ್ಮಿ. ದೊಡ್ಡ ಪಾಲು ಸೀಸನ್ ಟಿಕೆಟ್ ಇರುವವರದ್ದು; ಅದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರಿದ್ದಾರೆ. ಒಂದು ಪಾಲು ಎದುರಾಳಿ ತಂಡದವರಿಗೆ. ಮಿಕ್ಕಿದ್ದರಲ್ಲಿ ಹಿಂದಿನ ಮ್ಯಾಚುಗಳಿಗೆ ಬಂದ ಲೆಕ್ಕವಿರುವ ಸದಸ್ಯರು ಮುಂದೆ, ಉಳಿದವರಿಗೆ ಲಾಟರಿ. ಮದುವೆಮನೆಯ ಮೊದಲ ಪಂಕ್ತಿ ಇದ್ದ ಹಾಗೆ, ಮನೆಯವರು ಕೂತ ಮೇಲೆ ಎಲೆ ಉಳಿದರೆ ನಮಗೆ. ಲಾಟರಿಗೆ ಹೆಸರು ಕೊಡುವುದೂ ಸೀಸನ್ ಶುರುವಾಗುವ ಮುಂಚೆ, ಬೇಸಿಗೆಯಲ್ಲೇ. ಸೆಪ್ಟೆಂಬರಿನಲ್ಲಿ ಸೂಟ್‌ಕೇಸ್ ಇಳಿಸಿ ವಿಚಾರಿಸಿದರೆ ಬಸ್ಸು ಹೋಗಿರುತ್ತದೆ. ಆದ್ದರಿಂದ ಸದಸ್ಯತ್ವವನ್ನು ಇಲ್ಲಿಂದಲೇ ಮಾಡಿಸಿಕೊ.

ಬ್ಲಾಕಿನಲ್ಲಿ ತಗೊಂಡರಾಯ್ತು ಅನ್ನಬೇಡ. ನಮ್ಮೂರಿನ ಕ್ರಿಕೆಟ್ ಮ್ಯಾಚಿಗೆ ಹಾಗೆ ನುಗ್ಗಿದವರ ಕಥೆ ಕೇಳಿ ಬೆಳೆದವನು ನೀನು, ಗೊತ್ತು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಕ್ಲಬ್ಬಿನ ಅನುಮತಿಯಿಲ್ಲದೆ ಮಾರುವುದು 1994ರ ಕಾಯ್ದೆಯಿಂದ ಅಪರಾಧ, ಮುಖಬೆಲೆಗೇ ಮಾರಿದರೂ. ಎರಡು ತಂಡದವರನ್ನು ಬೇರೆಬೇರೆ ಕೂರಿಸುವುದು ಅಲ್ಲಿ ಸುರಕ್ಷತೆಯ ಪ್ರಶ್ನೆ. ಯಾರ ಸೀಟಿನಲ್ಲಿ ಯಾರಿದ್ದಾರೆಂಬುದು ಕ್ಲಬ್ಬಿಗೆ ಗೊತ್ತಿರಬೇಕು. ಈಗ ಟಿಕೆಟ್ ಇರುವುದೂ ಫೋನಿನಲ್ಲಿ. ಗೇಟಿನಲ್ಲಿ ಫೋನು ತಾಗಿಸಿದಾಗ ಪಾಸ್ ರದ್ದಾಗಿದ್ದರೆ ನೀನು ಆಚೆ, ದುಡ್ಡು ತಗೊಂಡವನು ನಾಪತ್ತೆ. ಯಾರೋ ಗೆಳೆಯ ತನ್ನ ಪಾಸನ್ನು ಬಾಡಿಗೆಗೆ ಕೊಟ್ಟರೂ ಬೇಡ. ಸಿಕ್ಕಿಬಿದ್ದರೆ ಅವನ ಸದಸ್ಯತ್ವವೇ ಹೋಗುತ್ತದೆ. ಬರಲಾಗದವರು ಬಿಟ್ಟುಕೊಟ್ಟ ಸೀಟುಗಳನ್ನು ಕ್ಲಬ್ಬೇ ಮತ್ತೆ ಮಾರುತ್ತದೆ, ಮ್ಯಾಚಿನ ಹಿಂದಿನ ದಿನಗಳಲ್ಲಿ ಅದರ ಮೇಲೆ ಕಣ್ಣಿಟ್ಟಿರು.

ಕ್ಲಬ್ಬಿನವರು ಧರ್ಮರಾಯರು ಅಂತ ನಾನು ಹೇಳುತ್ತಿಲ್ಲ. ಮುಂದಿನ ಸೀಸನ್ನಿನಲ್ಲಿ 77 ಪೌಂಡಿನ ಟಿಕೆಟ್ ತರುತ್ತೇವೆಂದು ಇದೇ ಲಿವರ್‌ಪೂಲ್ ಹೇಳಿದಾಗ, 2016ರ ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್ ಮ್ಯಾಚಿನ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟರು. ಆಗ ತಂಡ 2-0 ಮುಂದಿತ್ತು. ಕೊನೆಗೆ ಪಂದ್ಯ 2-2! ಕೆಲವೇ ದಿನಗಳಲ್ಲಿ ಮಾಲೀಕರು ಆ ದರ ಕೈಬಿಟ್ಟು ಕ್ಷಮೆ ಕೇಳಿದರು. ಗೆಲ್ಲುತ್ತಿರುವ ಮ್ಯಾಚನ್ನು ಬಿಟ್ಟು ಎದ್ದುಹೋಗುವಷ್ಟು ಆ ಜಾಗ ತಮ್ಮದು ಅಂದುಕೊಂಡವರಿವರು. ಲಾಟರಿಯಲ್ಲಿ ನಿನಗೆ ಬರಲಿಲ್ಲವೆಂದು ಬೇಸರವಾದಾಗ ನಿನ್ನ ಸೀಟಿನಲ್ಲಿ ಕೂತವರು ಯಾರೆಂದು ಯೋಚಿಸು.

ಹಾಗಾಗಿ ವಾರದ ನಡುವಿನ ಲೀಗ್ ಕಪ್ ಪಂದ್ಯಗಳಿಗೆ ಮೊದಲು ಹೆಸರು ಕೊಡು. ಎದುರಾಳಿ ಸಣ್ಣ ತಂಡವಾದರೆ ನೂಕುನುಗ್ಗಲು ಕಮ್ಮಿ. ಅದೂ ಆಗದಿದ್ದರೆ ಮರ್ಸಿ ನದಿಯಡಿಯ ಸುರಂಗದ ರೈಲು ಹಿಡಿದು ಬರ್ಕನ್‌ಹೆಡ್‌ಗೆ ಹೋಗು. ಅಲ್ಲಿ ಟ್ರಾನ್‌ಮಿಯರ್ ರೋವರ್ಸ್ ಇದೆ. ಲಿವರ್‌ಪೂಲ್ ನಗರದ ಎರಡು ದೊಡ್ಡ ತಂಡಗಳ ನೆರಳಲ್ಲಿ ಜನ ಬರಲಿ ಅಂತ ಒಂದು ಕಾಲಕ್ಕೆ ಶುಕ್ರವಾರ ರಾತ್ರಿ ಆಡುತ್ತಿದ್ದ ತಂಡ ಅದು. ಲಾಟರಿಯ ರಗಳೆಯಿಲ್ಲ. ಅವರ ಮೈದಾನ ಪ್ರೆಂಟನ್ ಪಾರ್ಕಿನಲ್ಲಿ ಕೋಚ್ ಕೂಗುವುದು ಗ್ಯಾಲರಿಗೂ ಕೇಳುತ್ತದೆ, ಟಿ.ವಿ.ಯಲ್ಲಿ ಅದು ಸಿಗುವುದಿಲ್ಲ. ಸ್ವೆಟರ್ ಮರೆಯಬೇಡ.