ನಾಯಿ ಮುಂದೆ, ನಾವು ಹಿಂದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ನಾಯಿ ಕಟ್ಟಿಕೊಂಡು ಶಿಕಾರಿಗೆ ಹೋಗುವ ಕಾಲ ಮುಗಿಯುತ್ತ ಬಂತು. ಆದರೆ ಮುಂಬಯಿ ಸುತ್ತಲಿನ ಗುಡ್ಡಗಳಲ್ಲಿ ನಾಯಿಗಳು ಮನುಷ್ಯರ ಜೊತೆ ಕಾಡಿಗೆ ಹೊರಡುವುದನ್ನು ಬಿಟ್ಟಿಲ್ಲ. ಕರ್ಜತ್, ಕಸಾರಾ ಕಡೆಯ ಹಳ್ಳಿಯಲ್ಲಿ ಚಹಾ ಕುಡಿದು ಎದ್ದರೆ ಸಾಕು, ಒಂದು ನಾಯಿ ಮೈ ಕೊಡವಿಕೊಂಡು ಮುಂದಾಗುತ್ತದೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಚಾರಣಕ್ಕೆ ಹೋಗುವ ನಮ್ಮ ಗುಂಪು ಆ ನಾಯಿಗಳ ಹಿಂದೆ ನಡೆದು, ದಾರಿ ತಪ್ಪಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಾಯಿ ಹೋದದ್ದೆಲ್ಲ ದಾರಿಯಲ್ಲ

ಕೊಂಡಿವಡೆಯಿಂದ ಕೊಂಡಾಣೆ ಗುಹೆಗಳ ಮೇಲಾಸಿ ರಾಜಮಾಚಿ ಕೋಟೆಗೆ ಹತ್ತುತ್ತಿದ್ದೆವು. ಕಂದು ಬಣ್ಣದ ನಾಯಿಯೊಂದು ಎಷ್ಟು ಧೈರ್ಯವಾಗಿ ಮುಂದೆ ನಡೆಯಿತೆಂದರೆ, ಗುಂಪಿನ ಹೊಣೆ ಹೊತ್ತಿದ್ದ ನಾನು ಕವಲುಗಳಲ್ಲಿ ನಿಂತು ನೋಡುವುದನ್ನೇ ಬಿಟ್ಟೆ. ಗುಹೆ ದಾಟಿ ಸ್ವಲ್ಪ ಹೊತ್ತಿಗೆ ಕಾರ್ವಿ ಪೊದೆಗಳಲ್ಲಿ ಸಿಕ್ಕಿಕೊಂಡೆವು. ನಾಯಿ ಅಡಿಯಿಂದ ನುಸುಳಿ ಹೋಯಿತು, ನಮಗೆ ಎದೆಮಟ್ಟಕ್ಕೆ ಕೊಂಬೆ. ನಾವು ಹಿಡಿದದ್ದು ಮರಾಠಿಯವರು ಢೋರ್‌ವಾಟ್ ಎನ್ನುವ ದನದ ಜಾಡು. ನಾಯಿಗೆ ಬೇಕಿದ್ದದ್ದು ಅದರಾಚೆಯ ನೀರಿನ ಗುಂಡಿ. ಕೋಟೆ ಕಟ್ಟಿಕೊಂಡು ಅದಕ್ಕೇನು?

ಆಮೇಲೆ ಕಣ್ಣಿಟ್ಟು ನೋಡತೊಡಗಿದೆ. ದನದ ಜಾಡು ಮತ್ತೆ ಮತ್ತೆ ಕವಲೊಡೆದು ಹುಲ್ಲಿನಲ್ಲಿ ಕರಗಿಹೋಗುತ್ತದೆ. ಅದರ ಮೇಲೆ ಕೊಂಬೆಗಳು ತಗ್ಗಾಗಿ ಬಾಗಿರುತ್ತವೆ. ಜನ ನಡೆಯುವ ಕಾಲುದಾರಿಯಲ್ಲಿ ಭುಜದೆತ್ತರದ ರೆಂಬೆಗೆ ಕತ್ತಿಯೇಟಿನ ಗುರುತು ಇರುತ್ತದೆ, ಬಂಡೆಯ ಅಂಚು ಸವೆದು ನುಣ್ಣಗಾಗಿರುತ್ತದೆ. ಈ ಗುರುತುಗಳು ಕಾಣದಾದರೆ ಈಗ ಗುಂಪನ್ನು ಅಲ್ಲೇ ಕೂರಿಸಿ, ಒಬ್ಬನೇ ಹಿಂದಕ್ಕೆ ಹೋಗಿ ಕವಲು ಹುಡುಕುತ್ತೇನೆ.

2. ದಾರಿ ತಪ್ಪಿದಾಗ ಹಳ್ಳದ ಜಾಡಿನಲ್ಲಿ ಇಳಿಯಬೇಡಿ

ನೀರು ಹರಿದತ್ತ ಊರು ಸಿಗುತ್ತದೆ ಎಂಬ ಮಾತು ಇಲ್ಲಿ ಅಪಾಯಕಾರಿ. ಇಲ್ಲಿನ ಸಹ್ಯಾದ್ರಿ ಲಾವಾ ಪದರದ ಮೇಲೆ ಪದರ ಹರಿದು ಗಟ್ಟಿಯಾದ ಬಸಾಲ್ಟ್. ಒಂದಷ್ಟು ಇಳಿಜಾರು, ಆಮೇಲೆ ಗೋಡೆಯಂಥ ಕಡಿದು, ಮತ್ತೆ ಇಳಿಜಾರು. ಹಳ್ಳ ಸಲೀಸಾಗಿ ಇಳಿಸಿಕೊಂಡು ಹೋಗಿ ಒಮ್ಮೆಲೇ ಜಲಪಾತದ ನೆತ್ತಿಯಲ್ಲಿ ನಿಲ್ಲಿಸುತ್ತದೆ. ಅಷ್ಟರಲ್ಲಿ ಜಾರಿ ಇಳಿದ ಬಂಡೆಗಳನ್ನು ತಿರುಗಿ ಹತ್ತಲು ಆಗದಂತಿರುತ್ತದೆ. ಎಷ್ಟೇ ಸುಸ್ತಾಗಿದ್ದರೂ, ಇದೇ ದಾರಿ ಎಂದು ಖಾತ್ರಿಯಿದ್ದ ಕೊನೆಯ ಜಾಗಕ್ಕೆ ವಾಪಸು ಹೋಗಬೇಕು. ಕರ್ಜತ್‌ನಲ್ಲಿ ಲೋಕಲ್ ತಪ್ಪೀತೆಂಬ ಅವಸರವೇ ಜನರನ್ನು ಹಳ್ಳಕ್ಕಿಳಿಸುವುದು ಎಂದು ನನಗೆ ಅನ್ನಿಸಿದೆ. ರೈಲು ತಪ್ಪಿದರೆ ತಪ್ಪಲಿ.

3. ಆಗಾಗ ಹಿಂತಿರುಗಿ ನೋಡಿ

ಹತ್ತುವಾಗ ಕಂಡ ದಾರಿ ಇಳಿಯುವಾಗ ಬೇರೆಯೇ ಆಗಿ ಕಾಣುತ್ತದೆ, ಜುಲೈ ತಿಂಗಳ ಮಂಜಿನಲ್ಲಂತೂ ಹತ್ತು ಹೆಜ್ಜೆ ಆಚೆಗೆ ಏನೂ ತೋರದು. ಪ್ರತಿ ಕವಲಿನಲ್ಲೂ ಬಂದ ದಿಕ್ಕಿಗೆ ಮುಖ ಮಾಡಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ.

4. ನಾಯಿ ಹೆದರಿದರೆ ನೀವೂ ನಿಲ್ಲಿ

ದಾರಿ ತೋರಿಸುವುದಕ್ಕಿಂತ ಅಪಾಯ ಗ್ರಹಿಸುವುದರಲ್ಲಿ ನಾಯಿಯನ್ನು ಹೆಚ್ಚು ನಂಬಬಹುದು. ಠಾಣೆಯ ಯೇಊರ್ ಗುಡ್ಡದಂಚಿನ ಪಾಡಾ, ಅಂದರೆ ಆದಿವಾಸಿ ಹಾಡಿ, ಒಂದರ ಬಳಿ, ಮುಸ್ಸಂಜೆಯಲ್ಲಿ, ಮುಂದೆ ಓಡುತ್ತಿದ್ದ ನಾಯಿ ಗಕ್ಕನೆ ನಿಂತಿತು. ಬೆನ್ನಿನ ಕೂದಲು ನಿಮಿರಿತು, ಬಾಲ ಒಳಗೆ ಸೇರಿತು. ಬೊಗಳದೆ ಬಂದು ನಮ್ಮ ಕಾಲುಗಳ ನಡುವೆ ನುಗ್ಗಿತು. ನಾವು ಒತ್ತಾಗಿ ನಿಂತು, ಗಟ್ಟಿಯಾಗಿ ಮಾತಾಡುತ್ತ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಪೊದೆಯಲ್ಲಿ ಏನಿತ್ತೆಂದು ಹುಡುಕಲು ಹೋಗಲಿಲ್ಲ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಚಿರತೆಗೆ ನಾಯಿಯೂ ಆಹಾರವೇ. ಆದ್ದರಿಂದ ಕಾವಲಿಗಿರಲಿ ಎಂದು ಮನೆಯ ನಾಯಿಯನ್ನು ಇಂಥ ಕಾಡಿಗೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಉದ್ಯಾನದೊಳಗೆ ಅದಕ್ಕೆ ಅವಕಾಶವೂ ಇಲ್ಲ.

5. ಘಟ್ಟ ದಾಟುವ ದಿನ ನಾಯಿಯನ್ನು ಊರಲ್ಲೇ ಬಿಡಿ

ಇದನ್ನು ನೆನೆದರೆ ಈಗಲೂ ಬೇಸರ. ವೈಶಾಖರೆ ಕಡೆಯಿಂದ ನಾಣೇಘಾಟ್ ಹತ್ತುವಾಗ ಬಿಸ್ಕತ್ತು ಹಾಕುತ್ತ ಒಂದು ಹೆಣ್ಣು ನಾಯಿಯನ್ನು ಮೇಲಿನವರೆಗೆ ಕರೆದೊಯ್ದೆ. ಶಾತವಾಹನ ರಾಣಿ ನಾಗನಿಕೆಯ ಶಾಸನವಿರುವ ಗವಿಯ ನೆರಳಿನಲ್ಲಿ ಅದು ನಮ್ಮೊಡನೆ ಮಲಗಿತು. ನಾವು ಜುನ್ನರ್ ಕಡೆ ಇಳಿದು ಬಸ್ಸು ಹತ್ತಿದೆವು. ಅದು ರಸ್ತೆಯಂಚಿನಲ್ಲಿ ನಿಂತಿತ್ತು. ಆ ಊರಿನ ನಾಯಿಗಳು ಆಗಲೇ ಸುತ್ತುವರಿಯುತ್ತಿದ್ದವು. ಬಂದ ದಾರಿಯಲ್ಲೇ ಇಳಿಯುವುದಿದ್ದರೆ ಚಿಂತೆಯಿಲ್ಲ, ಅದು ತನ್ನ ಊರಿಗೆ ತಾನೇ ಮರಳುತ್ತದೆ. ದಾಟುವ ದಿನ ಮಾತ್ರ ಬಿಸ್ಕತ್ತು ಚೀಲದಿಂದ ಹೊರಗೆ ಬರುವುದಿಲ್ಲ. ಹೊರಡುವ ಮೊದಲು ಚಹಾ ಅಂಗಡಿಯ ಕಾಕಾಗೆ ಹೇಳುತ್ತೇವೆ: ನಾವು ಆ ಕಡೆ ಇಳೀತೀವಿ, ನಾವು ಕಣ್ಮರೆಯಾಗುವ ತನಕ ಇದನ್ನು ಕಟ್ಟಿ ಹಾಕಿ.