ಅಶ್ವಶಾಲೆಯ ಹಗಲು ರಾತ್ರಿ

ನಮ್ಮ ಹೈದರಾಬಾದಿನ ಮಲಕಪೇಟೆಯಲ್ಲಿರುವ ಕುದುರೆ ಪಂದ್ಯದ ಮೈದಾನವನ್ನು ಅರಿಯದವರು ವಿರಳ. ಮೊದಲು ಮೌಲಾಲಿಯಲ್ಲಿ ನಡೆಯುತ್ತಿದ್ದ ಪಂದ್ಯಗಳನ್ನು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು 1886ರಲ್ಲಿ ಇಲ್ಲಿಗೆ ತಂದರು. ಇಲ್ಲಿ ಓಡುವ ಕುದುರೆಯನ್ನು ಜನರು ಕಾಣುವುದು ಒಂದೆರಡು ನಿಮಿಷ ಮಾತ್ರ. ಆದರೆ ಆ ಓಟದ ಹಿಂದೆ, ತಾಯಿಯ ಗರ್ಭದಲ್ಲಿ ಕಳೆದ ಹನ್ನೊಂದು ತಿಂಗಳನ್ನೂ ಸೇರಿಸಿದರೆ, ಕಡಿಮೆಯೆಂದರೂ ಮೂರು ವರ್ಷಗಳ ಆರೈಕೆಯಿರುತ್ತದೆ. ಆ ಆರೈಕೆ ಮೊದಲಾಗುವ ಸ್ಥಳವೇ ಅಶ್ವಶಾಲೆ. ಅಲ್ಲಿಯ ಜೀವನ ಹೇಗಿರುವುದೆಂಬುದನ್ನು ನಾವೀಗ ನೋಡೋಣ.

ಕನ್ನಡನಾಡಿನಲ್ಲಿ ಇದಕ್ಕೆ ಹೆಸರಾದ ಊರು ತುಮಕೂರು ಜಿಲ್ಲೆಯ ಕುಣಿಗಲ್. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ತನ್ನ ಸೈನ್ಯಕ್ಕಾಗಿ ಇಲ್ಲಿ ಕುದುರೆಗಳನ್ನು ಬೆಳೆಸತೊಡಗಿದನು. 1799ರಲ್ಲಿ ಆತನು ಮಡಿದ ಮೇಲೆ ಅಶ್ವಶಾಲೆ ಬ್ರಿಟಿಷರ ಕೈಸೇರಿ, ಮುಂದೆ ಮೈಸೂರು ಸಂಸ್ಥಾನದ್ದಾಯಿತು. ಆ ಕಾಲದಲ್ಲಿ ಕುದುರೆಯಿಲ್ಲದೆ ರಾಜ್ಯವಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ನಗರವನ್ನು ಗೆದ್ದವರು ಮೈಸೂರು ಮತ್ತು ಜೋಧಪುರಗಳ ಅಶ್ವಾರೋಹಿಗಳು. ನಮ್ಮ ಹೈದರಾಬಾದಿನ ಅಶ್ವದಳವೂ ಅದೇ ಬ್ರಿಗೇಡಿಗೆ ಸೇರಿತ್ತು. ದೆಹಲಿಯ ‘ತೀನ್ ಮೂರ್ತಿ’ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಯೋಧರನ್ನೇ ಸೂಚಿಸುತ್ತವೆ. ಮೋಟಾರು ವಾಹನಗಳು ಬಂದ ಮೇಲೆ ಯುದ್ಧದ ಕುದುರೆಗೆ ಬೇಡಿಕೆ ಕುಗ್ಗಿತು. ಕುಣಿಗಲಿನಲ್ಲಿಯೂ ಪಂದ್ಯದ ಕುದುರೆಗಳ ಸಾಕಣೆಯೇ ಮುಖ್ಯವಾಯಿತು. 400 ಎಕರೆಗೂ ಮಿಗಿಲಾದ ಈ ಅಶ್ವಶಾಲೆಯನ್ನು ಕರ್ನಾಟಕ ಸರ್ಕಾರವು 1992ರಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಕೊಟ್ಟಿತು.

ಇಂತಹ ಅಶ್ವಶಾಲೆಗಳಲ್ಲಿ ಕೆಲಸವು ಸೂರ್ಯೋದಯಕ್ಕೆ ಮೊದಲೇ ಆರಂಭವಾಗುತ್ತದೆ. ಲಾಯಕ್ಕೆ ಬಂದ ಸಾಯಿಸನು ಮೊದಲು ನೋಡುವುದು ಕುದುರೆಯ ಮುಖವನ್ನಲ್ಲ, ಮೇವಿನ ತೊಟ್ಟಿಯನ್ನು. ರಾತ್ರಿಯ ಮೇವು ಉಳಿದಿದ್ದರೆ ಏನೋ ತೊಂದರೆಯಿದೆಯೆಂದೇ ಅರ್ಥ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ದೇಹ ದೊಡ್ಡದಾದರೂ ಜಠರ ಚಿಕ್ಕದು. ಆದುದರಿಂದ ಹೊಟ್ಟೆಶೂಲೆ ಬಂದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯವುಂಟು. ಇದೇ ಕಾರಣದಿಂದ ಧಾನ್ಯವನ್ನು ಒಮ್ಮೆಗೇ ಕೊಡದೆ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡುವರು. ಹಿಂದೆ ಬೇಯಿಸಿದ ಹುರುಳಿಯೇ ಮುಖ್ಯವಾಗಿತ್ತು. ನಮ್ಮ ತೆಲುಗು ನೆರೆಹೊರೆಯವರು ‘ಉಲವಚಾರು’ ಮಾಡುವುದೂ ಈ ಹುರುಳಿಯಿಂದಲೇ. ಈಗ ಓಟ್ಸ್, ಗೋಧಿ ಬೂಸಾ, ಒಣಹುಲ್ಲು ಮತ್ತು ಹಸಿರು ಕುದುರೆಮೆಂತೆ ಸೊಪ್ಪುಗಳನ್ನು ಕೊಡುತ್ತಾರೆ. ಮೇವಾದ ಮೇಲೆ ಕಾಲುಗಳನ್ನು ಸವರಿ ಬಾವು ಇದೆಯೇ ಎಂದು ನೋಡುವುದು, ಗೊರಸಿನ ಮಣ್ಣು ಕೆರೆದು ತೆಗೆಯುವುದು, ಮೈ ಉಜ್ಜುವುದು, ಒದ್ದೆಯಾದ ಹುಲ್ಲುಹಾಸನ್ನು ಬದಲಿಸುವುದು, ತಾಯಿ ಮರಿಗಳನ್ನು ಹುಲ್ಲುಗಾವಲಿಗೆ ಬಿಡುವುದು—ಇವೆಲ್ಲ ಹಬ್ಬವಿರಲಿ, ಮಳೆಯಿರಲಿ, ಒಂದು ದಿನವೂ ತಪ್ಪುವಂತಿಲ್ಲ.

ಭಾರತದಲ್ಲಿ ಪಂದ್ಯದ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುವರು. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಗೆ ಕೆಲವೇ ದಿನಗಳಲ್ಲಿ ಲೆಕ್ಕದಲ್ಲಿ ಒಂದು ವರ್ಷ ತುಂಬಿಬಿಡುತ್ತದೆ! ಆದುದರಿಂದ ಮರಿಗಳು ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟುವಂತೆ ಏರ್ಪಡಿಸುವರು. ಆಗ ಅಶ್ವಶಾಲೆಗೆ ರಾತ್ರಿಯೇ ಹಗಲಾಗುತ್ತದೆ. ಏಕೆಂದರೆ ಕುದುರೆಗಳು ಹೆಚ್ಚಾಗಿ ಮರಿ ಹಾಕುವುದು ಎಲ್ಲವೂ ನಿಶ್ಶಬ್ದವಾದ ರಾತ್ರಿಯ ಹೊತ್ತಿನಲ್ಲಿ. ಕೆಚ್ಚಲು ತುಂಬಿ, ಮೊಲೆಯ ತುದಿಯಲ್ಲಿ ಮೇಣದಂತಹ ಹನಿ ಕಂಡರೆ ಕಾವಲುಗಾರನು ಕಣ್ಣು ಮುಚ್ಚುವಂತಿಲ್ಲ. ನೀರೊಡೆದ ಮೇಲೆ ಸುಮಾರು ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ತಡವಾದರೆ ಮರಿಯ ಜೀವಕ್ಕೇ ಕುತ್ತು.

ಹುಟ್ಟಿದ ಮರಿಯ ತೂಕ ಸುಮಾರು 50 ಕಿಲೋಗ್ರಾಂ. ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು ಎಂಬುದು ಸಾಕುವವರ ಲೆಕ್ಕ. ಮನುಷ್ಯನ ಶಿಶುವಿಗೆ ರೋಗವನ್ನು ತಡೆಯುವ ಶಕ್ತಿಯು ಗರ್ಭದಲ್ಲಿಯೇ ತಾಯಿಯಿಂದ ಸ್ವಲ್ಪ ದೊರೆತಿರುತ್ತದೆ. ಕುದುರೆಯ ಮರಿಗೆ ಆ ಭಾಗ್ಯವಿಲ್ಲ. ಅದು ಗಿಣ್ಣದ ಹಾಲಿನಿಂದಲೇ ಬರಬೇಕು. ಆ ಶಕ್ತಿಯನ್ನು ಮರಿಯ ಕರುಳು ಹೀರಿಕೊಳ್ಳುವುದು ಸುಮಾರು ಮೊದಲ ಒಂದು ದಿನ ಮಾತ್ರ, ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ತಾಯಿಗೆ ಹಾಲಿಲ್ಲದಿದ್ದರೆ, ಬೇರೆ ಕುದುರೆಗಳಿಂದ ಕರೆದು ಶೈತ್ಯಪೆಟ್ಟಿಗೆಯಲ್ಲಿ ಕಾದಿರಿಸಿದ ಗಿಣ್ಣದ ಹಾಲನ್ನು ಕುಡಿಸುವರು. ಕಾವಲುಗಾರನು ಆ ರಾತ್ರಿ ನಿದ್ರಿಸಿದರೆ, ಎಷ್ಟೇ ಶ್ರೇಷ್ಠ ವಂಶದ ಮರಿಯಾದರೂ ಉಳಿಯುವುದು ಸಂದೇಹ.

ಸುಮಾರು ಆರು ತಿಂಗಳಿಗೆ ಮರಿಯ ಹಾಲು ಬಿಡಿಸುವರು. ಮುಂದೆ ಲಗಾಮಿಗೆ, ಜೀನಿಗೆ, ಬೆನ್ನಿನ ಮೇಲಿನ ಭಾರಕ್ಕೆ ಒಂದೊಂದಾಗಿ ಒಗ್ಗಿಸುವರು. ಇಲ್ಲಿ ಗದರಿಕೆ ನಡೆಯದು. ಕುದುರೆಯು ಸ್ವಭಾವತಃ ಅಂಜುವ ಪ್ರಾಣಿ. ಒಮ್ಮೆ ಪಟ್ಟ ಭಯವನ್ನು ಬಹುಕಾಲ ಮರೆಯದು. ಎರಡು ವರ್ಷ ತುಂಬಿದ ಮೇಲೆ ಅದು ಪಂದ್ಯಕ್ಕೆ ಅರ್ಹವಾಗುತ್ತದೆ.

ಗೆದ್ದ ಕುದುರೆಯ ಹೆಸರನ್ನೂ, ಒಡೆಯನ ಹೆಸರನ್ನೂ, ಸವಾರನ ಹೆಸರನ್ನೂ ಮರುದಿನದ ಪತ್ರಿಕೆಯಲ್ಲಿ ಓದುತ್ತೇವೆ. ಅದು ಹುಟ್ಟಿದ ರಾತ್ರಿ ಎಚ್ಚರವಿದ್ದು ಮರಿಯನ್ನು ತಾಯಿಯ ಕೆಚ್ಚಲಿಗೆ ಸೇರಿಸಿದವನ ಹೆಸರು ಅಲ್ಲಿರುವುದಿಲ್ಲ. ಆದರೂ ಆತನು ಮರುದಿನ ಸೂರ್ಯೋದಯಕ್ಕೆ ಮೊದಲೇ ಎದ್ದು ಮೇವಿನ ತೊಟ್ಟಿಯನ್ನು ನೋಡಲು ಹೋಗುತ್ತಾನೆ.